ಡಬ್ಲ್ಯೂ ಹೊಡೆದು ಇ

ಕಾಸರಗೋಡು ತಾಲೂಕು ಕಚೇರಿಯ ಎದುರು
ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ ನನ್ನ ಮೇಜು.
ಒಂದು ಕಾಲಿಗೆ ರಟ್ಟು ಕೊಟ್ಟಿದ್ದೇನೆ.
ಅರ್ಜಿಗೆ ನಲವತ್ತು ರೂಪಾಯಿ, ಮಲಯಾಳಕ್ಕೂ ಅಷ್ಟೇ, ಕನ್ನಡಕ್ಕೂ ಅಷ್ಟೇ,
ಇಂಗ್ಲಿಷಿಗೆ ಹತ್ತು ಹೆಚ್ಚು:
ತಪ್ಪಿದರೆ ಮಾನ ಹೋಗುವುದು ಅದರಲ್ಲೇ ಆದ್ದರಿಂದ.

ಕಸಬಾ ಕಡಪ್ಪುರದ ಹರಿಣಾಕ್ಷಿ ಪುತ್ರನ್
ತಾನೇ ಬರೆದು ತಂದಿದ್ದಳು. ಹತ್ತನೆಯ ಕ್ಲಾಸು.
"ತಿದ್ದಿ ಕೊಡಿ ಮಾಷ್ಟ್ರೇ, ಸಾಕು."
ಗಣಿತಕ್ಕೆ ಬಂದ ಟೀಚರಿಗೆ ಕನ್ನಡ ಬಾರದು,
ಜೂನಿನಿಂದ ಇವರಿಗೆ ಗಣಿತ ಬಾರದು.
ವಿಷಯ ಇಷ್ಟೇ. ಪುಟ ಒಂದೂವರೆ.

ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು.
ಇಷ್ಟು ದಿನ ನಾವು ಲೈನ್ ಟೋ ಮಾಡಿದೆವು,
ಇನ್ನು ಮಾಡೆವು, ಎಂದು.
ಒಳ್ಳೆ ಮಾತು. ಆದರೆ ಟಿ, ಓ, ಡಬ್ಲ್ಯೂ.
ಡಬ್ಲ್ಯೂ ಹೊಡೆದು ಇ ಹಾಕಿದೆ.

"ಓದಿದರೆ ಎರಡೂ ಒಂದೇ ಅಲ್ಲವಾ?"
ಒಂದೇ. ಕಿವಿಗೆ ವ್ಯತ್ಯಾಸ ಇಲ್ಲ.
ಬರೆದರೆ ಮಾತ್ರ ಸಿಕ್ಕಿಬೀಳುತ್ತೇವೆ.

ಚಪ್ಪಲಿ ಕಳಚಿದೆ. ಅರುವತ್ತೆಂಟರ ಹೆಬ್ಬೆರಳು, ಉಗುರು ಕಪ್ಪು.
ಇಟ್ಟಿಗೆ ಚೂರಿನಲ್ಲಿ ಸಿಮೆಂಟಿನ ಮೇಲೆ ಗೀಟೆಳೆದೆ.
ನೋಡು, ಬೆರಳ ತುದಿ ಇದಕ್ಕೆ ತಾಗಬೇಕು,
ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ.
ಸಾಲಾಗಿ ನಿಂತವರ ಕಾಲನ್ನು ಯಾರೋ ಒಬ್ಬ
ಬಗ್ಗಿ ನೋಡುತ್ತಾ ಹೋಗುತ್ತಾನೆ. ಅದು ಟೋ.
ಹಾಕಿದ ಗೆರೆ ದಾಟದವ ಎನ್ನುತ್ತೇವಲ್ಲ ನಾವು,
ಹೆಚ್ಚುಕಡಿಮೆ ಅದೇ. ಪೂರ್ತಿ ಅದಲ್ಲ.
ಕನ್ನಡದ ಗೆರೆಯ ಒಳಗೆ ನೀನು ಮಲಗಬಹುದು,
ಬೆನ್ನು ತಿರುಗಿಸಿ ಕೂತು ಕಡಲೆ ತಿನ್ನಬಹುದು,
ದಾಟದಿದ್ದರಾಯಿತು.
ಇಂಗ್ಲಿಷಿನವನಿಗೆ ಅಷ್ಟು ಸಾಲದು. ಬೆರಳು ತೋರಿಸಬೇಕು.

ಝೆರಾಕ್ಸಿನ ಮೂಸಕುಂಞಿ ಮೆಷಿನು ನಿಲ್ಲಿಸಿ
ನನ್ನ ಕಾಲು ನೋಡಿದ.
ಅವಳು ತನ್ನ ಕಾಲು ಇಡಲಿಲ್ಲ.
"ಡಬ್ಲ್ಯೂ ಹಾಕಿದರೆ?"
ಎಳೆಯುವುದು. ಕೆಟ್ಟುನಿಂತ ಲಾರಿಯನ್ನು ಹಗ್ಗ ಕಟ್ಟಿ ಎಳೆಯುವ ಹಾಗೆ.
"ಲೈನ್ ಅಂದರೆ ಹಗ್ಗವೂ ಆಗುತ್ತದಲ್ಲ?"
ಆಗುತ್ತದೆ.
"ಹಾಗಾದರೆ ನಾನು ಬರೆದದ್ದು ಅದೇ."

ಕೈರಂಪಣಿ ಹಾಕಿದ ದಿನ, ಅಂದಳು,
ಈ ಕಡೆ ಇಪ್ಪತ್ತು ಜನ, ಆ ಕಡೆ ಇಪ್ಪತ್ತು ಜನ,
ಅಪ್ಪ, ದೊಡ್ಡಪ್ಪ, ರಜೆಯಿದ್ದರೆ ನಾನು,
ಹಿಮ್ಮಡಿ ಮರಳಲ್ಲಿ ಹೂತು, ಎರಡು ಗಂಟೆ.
ಕೆಲವು ಸಲ ಬರುವುದು ಪ್ಲಾಸ್ಟಿಕ್ಕು, ಒಂದು ಬುಟ್ಟಿ ಬೂತಾಯಿ.
"ಜೂನಿನಿಂದ ಎಳೆದೆವು. ಬಲೆಯೇ ಇಲ್ಲದ ಹಗ್ಗ.
ಇನ್ನು ಎಳೆಯುವುದಿಲ್ಲ. ಅಂತ."

ಮೂವತ್ತೊಂದು ವರ್ಷ
ಊರವರ ಅರ್ಜಿಗಳ ಬೆರಳು ಗೆರೆಗೆ ತಾಗಿಸಿ ಕೊಟ್ಟವನು ನಾನು.
ತಮ್ಮ ಅವಗಾಹನೆಗೆ, ವಿನಮ್ರವಾಗಿ, ತಮ್ಮ ವಿಧೇಯ,
ಎಲ್ಲ ನೇರ, ಒಂದು ನೂಲು ಆಚೆಯಿಲ್ಲ.
ಉತ್ತರ ಬಾರದ್ದು ಸ್ಪೆಲ್ಲಿಂಗಿನ ದೆಸೆಯಿಂದ ಅಲ್ಲ.

ಆದರೂ ತಪ್ಪು ತಪ್ಪೇ ಮಗಳೇ, ಅಂದೆ.
ಆಫೀಸಿನಲ್ಲಿ ಕೂತವ ಹಗ್ಗ ನೋಡುವುದಿಲ್ಲ, ಡಬ್ಲ್ಯೂ ನೋಡುತ್ತಾನೆ,
ನಕ್ಕು ಪಕ್ಕದವನಿಗೆ ತೋರಿಸುತ್ತಾನೆ,
ನಿಮ್ಮ ಗಣಿತ ಅಲ್ಲಿಗೆ ಮುಗಿಯಿತು.
ಅವಳಿಗೆ ಅರ್ಥವಾಯಿತು.
ಅಷ್ಟು ಬೇಗ ಅರ್ಥವಾಗಬಾರದಿತ್ತು.
"ಶುದ್ಧಪ್ರತಿಯಲ್ಲಿ ಇ ಇರಲಿ.
ನನ್ನ ಹಾಳೆ ವಾಪಸು ಕೊಡಿ.
ನೀವು ಹೊಡೆದ ಗೀಟಿನ ಅಡಿಯಲ್ಲಿ ಡಬ್ಲ್ಯೂ ಕಾಣುತ್ತದೆ."

ಮೂಸಕುಂಞಿ ಮೂರು ಪ್ರತಿ ತೆಗೆದ.
ಆ ಹತ್ತು ರೂಪಾಯಿ ಬೇಡವೆಂದೆ. ಮೇಜಿನ ಮೇಲೆ ಇಟ್ಟೇ ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಕೆಳಗೆ ನೋಡುತ್ತೇನೆ:
ಇಟ್ಟಿಗೆಯ ಗೀಟಿಗೆ ತಾಗಿಕೊಂಡು ನನ್ನ ಹೆಬ್ಬೆರಳು
ಇನ್ನೂ ಅಲ್ಲೇ, ಚಪ್ಪಲಿಯಿಲ್ಲದೆ.
ಬಗ್ಗಿ ನೋಡುವವರು ಯಾರೂ ಇರಲಿಲ್ಲ.